ಮಂದಣ್ಣ ಕಂಡ ಓತಿ

ಕನ್ನಡದ ವೈಜ್ಞಾನಿಕ ಕಾದಂಬರಿಕಾರರು ಎಂದರೆ ರಾಜಶೇಖರ ಭೂಸನೂರಮಠರ ಹೆಸರು ಮೊದಲು ಬರುತ್ತದೆ, ಬರಬೇಕಾದ್ದೇ. ಆದರೆ ವಿಜ್ಞಾನವನ್ನು ಕತೆಗೆ ತಂದು ಓದುಗರ ತಲೆ ಕೆಡಿಸಿದ ಪುಸ್ತಕ ಯಾವುದು ಎಂದು ಮೈಸೂರಿನಲ್ಲಿ ಯಾರನ್ನಾದರೂ ಕೇಳಿ, ‘ಕರ್ವಾಲೊ’ ಎನ್ನುತ್ತಾರೆ. 1980ರ ಈ ಪುಟ್ಟ ಕಾದಂಬರಿಗೆ ವೈಜ್ಞಾನಿಕ ಕಾದಂಬರಿ ಎಂಬ ಚೀಟಿ ಅಂಟಿಸಲು ಅನೇಕರು ಹಿಂಜರಿಯುತ್ತಾರೆ. ಅದರಲ್ಲಿ ಅಂತರಿಕ್ಷ ನೌಕೆಯಿಲ್ಲ, ಯಂತ್ರಮಾನವನಿಲ್ಲ. ಇರುವುದು ಮೂಡಿಗೆರೆಯ ಜೇನು ಸೊಸೈಟಿ, ಕಳ್ಳಭಟ್ಟಿ ಕೇಸು, ಕರ್ವಾಲೊ ಎಂಬ ಒಬ್ಬ ವಿಜ್ಞಾನಿ, ಎಂದೋ ಅಳಿದುಹೋಗಿರಬೇಕಿದ್ದ ಒಂದು ಹಾರುವ ಓತಿ. ನನಗಂತೂ ಇದು ಆ ಪ್ರಕಾರದ್ದೇ ಕೃತಿ. ಹಿಂಜರಿಯುವವರು ಪ್ರಕಾರವನ್ನು ತೀರ ಕಿರಿದು ಮಾಡಿಕೊಂಡಿದ್ದಾರೆ.

ಇದನ್ನು ಬರೆದ ಪೂರ್ಣಚಂದ್ರ ತೇಜಸ್ವಿ ಬೆಳೆದದ್ದು ಮೈಸೂರಿನ ಒಂಟಿಕೊಪ್ಪಲಿನಲ್ಲಿ, ‘ಉದಯರವಿ’ ಎಂಬ ಮನೆಯಲ್ಲಿ. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದು ಈ ಊರಿಗೆ ಹೊಸದಲ್ಲ. ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಪುಸ್ತಿಕೆಗಳು ಮನೆಮನೆಗೆ ಹೋಗಿದ್ದವು, ಜೆ.ಆರ್. ಲಕ್ಷ್ಮಣರಾಯರು, ಜಿ.ಟಿ. ನಾರಾಯಣರಾಯರು ಆ ಕೆಲಸವನ್ನು ಎತ್ತರಕ್ಕೆ ಒಯ್ದರು. ಇಲ್ಲಿ ಬಲ್ಲವರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಮೇಷ್ಟರುಗಳ ಊರಲ್ಲವೇ! ತೇಜಸ್ವಿ ಇಲ್ಲೇ ಎಂ.ಎ. ಮುಗಿಸಿ, ಮೂಡಿಗೆರೆಗೆ ಹೋಗಿ ತೋಟ ಮಾಡಿದರು. ನವ್ಯ ಸಾಹಿತ್ಯದ ದಾರಿ ಸವೆದಿದೆ ಎಂದು 1973ರ ‘ಅಬಚೂರಿನ ಪೋಸ್ಟಾಫೀಸು’ ಮುನ್ನುಡಿಯಲ್ಲಿ ಸಾರಿದ ಮೇಲೆ ಅವರು ಹಿಡಿದ ಹೊಸ ದಾರಿಯಲ್ಲಿ ಹೇಳುವವ, ಕೇಳುವವ ಇಬ್ಬರೂ ಜಾಗ ಬದಲಿಸಿಕೊಂಡರು.

ಕಾದಂಬರಿಯ ಬೇರು ಇರುವುದು ಇಲ್ಲೇ. ಓತಿಯನ್ನು ಮೊದಲು ಕಂಡವನು ವಿಜ್ಞಾನಿಯಲ್ಲ, ಮಂದಣ್ಣ. ಊರಿನವರ ಕಣ್ಣಿಗೆ ಅವನೊಬ್ಬ ಕೆಲಸಕ್ಕೆ ಬಾರದ ಉಡಾಳ. ಜೇನು ಹುಡುಕುತ್ತ ಅಲೆಯುತ್ತಾನೆ, ಮದುವೆಯಾಗಬೇಕೆಂದು ಹಂಬಲಿಸುತ್ತಾನೆ, ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬೀಳುತ್ತಾನೆ. ಇಂಥವನ ಹಿಂದೆ ಕರ್ವಾಲೊ ಯಾಕೆ ಬಿದ್ದಿದ್ದಾರೆ ಎಂಬುದೇ ನಿರೂಪಕನಿಗೆ ಬಗೆಹರಿಯದ ಒಗಟು. ಕಾದಂಬರಿಯ ಬಹುಪಾಲಿನಲ್ಲಿ ಓದುಗನೂ ಅದೇ ಒಗಟಿನಲ್ಲಿರುತ್ತಾನೆ. ಓತಿಗಿಂತ ಮೊದಲು ನಾವು ಕಾಣಲು ಕಲಿಯುವುದು ಮಂದಣ್ಣನನ್ನು. ಅವನ ಕಣ್ಣು ಪ್ರಯೋಗಾಲಯದ ಯಾವ ಉಪಕರಣಕ್ಕೂ ಕಡಿಮೆಯಲ್ಲ ಎಂಬುದು ಭಾಷಣವಿಲ್ಲದೆ, ನಗುನಗುತ್ತಲೇ ನಮ್ಮೊಳಗಿಳಿಯುತ್ತದೆ.

ಕಾನನ್ ಡಾಯ್ಲ್‌ನ 1912ರ ‘ದಿ ಲಾಸ್ಟ್ ವರ್ಲ್ಡ್’ ಪಕ್ಕದಲ್ಲಿಟ್ಟು ನೋಡಿ. ಅಲ್ಲಿಯೂ ಕಾಡಿದೆ, ಪ್ರೊಫೆಸರರಿದ್ದಾರೆ, ಪುರಾತನ ಪ್ರಾಣಿಗಳಿವೆ. ಸ್ಥಳೀಯರು ಮಾತ್ರ ಸಾಮಾನು ಹೊರಲು, ದ್ರೋಹ ಬಗೆಯಲು ಇದ್ದವರು. ಪ್ರೊಫೆಸರ್ ಚಾಲೆಂಜರ್ ರೆಕ್ಕೆಯುಳ್ಳ ಸರೀಸೃಪವೊಂದನ್ನು ಲಂಡನ್ನಿಗೆ ಹೊತ್ತು ತಂದು ಸಭೆಯೆದುರು ಪೆಟ್ಟಿಗೆ ತೆರೆಯುತ್ತಾನೆ. ಕರ್ವಾಲೊಗೆ ಆ ಗೆಲುವಿಲ್ಲ. ಓತಿ ಪ್ರಪಾತದ ಮೇಲೆ ತೇಲಿ ಹೋಗುತ್ತದೆ. ಕತೆಯ ಹೊರಗೂ ಇಂಥದೇ ನಡೆದಿತ್ತು: ತೇಜಸ್ವಿ ಹುಟ್ಟಿದ 1938ರಲ್ಲೇ, ಡೈನೊಸಾರ್‌ಗಳ ಜೊತೆ ಅಳಿಯಿತೆಂದು ನಂಬಿದ್ದ ಸೀಲಕಾಂತ್ ಮೀನು ದಕ್ಷಿಣ ಆಫ್ರಿಕದ ಮೀನುಗಾರರ ಬಲೆಗೆ ಬಿತ್ತು. ಅದರ ಕುಲಕ್ಕೆ ಅಲ್ಲಿನ ಮ್ಯೂಸಿಯಮ್ಮಿನಲ್ಲಿದ್ದ ಲ್ಯಾಟಿಮರ್ ಅವರ ಹೆಸರು ಬಂತು. ಬಲೆ ಎಳೆದವರ ಹೆಸರು ಯಾರಿಗೆ ನೆನಪಿದೆ?

ಹಾಗೆಂದು ‘ಕರ್ವಾಲೊ’ದಲ್ಲಿ ಕೊರತೆಯಿಲ್ಲ ಎನ್ನಲಾರೆ. ಹೆಂಗಸರು ಅಲ್ಲಿ ಹೆಸರಿಗಷ್ಟೇ ಇದ್ದಾರೆ. ಕಾಲ, ವಿಕಾಸ ಕುರಿತ ಕೊನೆಯ ಭಾಗದ ಚಿಂತನೆ ಅವಸರದ್ದು. ಕರ್ವಾಲೊ ಅಲ್ಲಲ್ಲಿ ವಿಜ್ಞಾನಿಗಿಂತ ಋಷಿಯಂತೆ ಮಾತಾಡುತ್ತಾರೆ. ಮಂದಣ್ಣನಿಗೂ ತಾನು ಕಂಡದ್ದು ಏನೆಂದು ತಿಳಿಯುವ ಹಕ್ಕು ಪೂರ್ತಿಯಾಗಿ ಸಿಗುವುದಿಲ್ಲ, ಅರ್ಥ ಹೇಳುವ ಅಧಿಕಾರ ಕೊನೆಗೂ ಕರ್ವಾಲೊ ಬಳಿಯೇ ಉಳಿಯುತ್ತದೆ. ತೇಜಸ್ವಿ ತಾವೇ ತೆರೆದ ಬಾಗಿಲನ್ನು ಅರ್ಧಕ್ಕೆ ನಿಲ್ಲಿಸಿದರು ಅನ್ನಿಸುತ್ತದೆ.

ಇಷ್ಟಾದರೂ ಓದುಗರ ಮೇಲೆ ಅವರ ಪ್ರಭಾವ ಅಗಾಧ. ‘ಪರಿಸರದ ಕತೆ’, ‘ಮಿಸ್ಸಿಂಗ್ ಲಿಂಕ್’, ಮಿಲೇನಿಯಮ್ ಸರಣಿ ಓದಿಯೇ ಹಕ್ಕಿ ನೋಡಲು ಹೊರಟವರು, ಪ್ರಾಣಿಶಾಸ್ತ್ರ ಆರಿಸಿಕೊಂಡವರು ಮೈಸೂರಿನಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ. ತೇಜಸ್ವಿಯವರ ಪುಸ್ತಕಗಳು ಹೊರಬಂದದ್ದೂ ಇದೇ ಊರಿನ ಪುಸ್ತಕ ಪ್ರಕಾಶನದಿಂದ. ಸಾಹಿತ್ಯಪ್ರಕಾರದ ಮೇಲೆ ಮಾತ್ರ ಪ್ರಭಾವ ಅಷ್ಟಕ್ಕಷ್ಟೆ. ಹಿಂದೆ ಬಂದವರು ಕಾಡು, ಮಳೆ, ಜಿಗಣೆ, ಜೀಪು ಎಲ್ಲವನ್ನೂ ಎತ್ತಿಕೊಂಡರು, ಮಂದಣ್ಣನನ್ನು ಬಿಟ್ಟರು. ಸ್ವತಃ ಕೃಷಿವಿಜ್ಞಾನಿಯಾದ ಕೆ.ಎನ್. ಗಣೇಶಯ್ಯನವರ ರೋಚಕ ಕಾದಂಬರಿಗಳಲ್ಲಿ ಮಾಹಿತಿ ತುಂಬಿ ತುಳುಕುತ್ತದೆ, ಆಧಾರಗ್ರಂಥಗಳ ಪಟ್ಟಿಯೂ ಇರುತ್ತದೆ, ಓದಿಸಿಕೊಳ್ಳುತ್ತವೆ ಕೂಡ. ಆದರೆ ಅಲ್ಲಿ ರಹಸ್ಯ ಬಿಡಿಸುವವರು ಮತ್ತೆ ಓದಿದವರೇ. ಮೈಸೂರಿನ ಮೇಷ್ಟರು ಹಿಂಬಾಗಿಲಿಂದ ಒಳಬಂದ ಹಾಗಾಯಿತು.

ನಿಜವಾದ ಹಾರುವ ಓತಿ ಅಷ್ಟೊಂದು ಅಪರೂಪದ್ದೇನಲ್ಲ. ಪಕ್ಕೆಲುಬುಗಳ ಮೇಲೆ ಹರಡಿಕೊಂಡ ತೊಗಲನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುವ, ಇರುವೆ ತಿಂದು ಬದುಕುವ ಈ ಜೀವಿ ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲೂ ಇದೆ. ಅಡಿಕೆ ಮರ ಹತ್ತುವವರು ಅದನ್ನು ಕಂಡೇ ಇರುತ್ತಾರೆ. ಮುಂದಿನ ಕನ್ನಡ ವೈಜ್ಞಾನಿಕ ಕಾದಂಬರಿ ಬರೆಯಹೊರಟವರು ಮೊದಲು ಅವರೊಡನೆ ಕೂತು ಮಾತಾಡಲಿ.