ಮೇಲಕ್ಕೋ ಕೆಳಕ್ಕೋ

ಕೀಲಿ ಒತ್ತಿದರೆ ಮೀನು ಈಜುವುದಿಲ್ಲ. ಪಟಪಟ ಬಡಿದುಕೊಳ್ಳುತ್ತದೆ. ಬುಟ್ಟಿಗೆ ಬಿದ್ದ ಬೂತಾಯಿ ಕೊನೆಯ ಉಸಿರಿಗಾಗಿ ಹೊರಳುತ್ತದಲ್ಲ, ಹಾಗೆ. ಒಂದು ಹೊರಳಿಗೆ ಗೇಣು ಮುಂದೆ, ಇನ್ನೊಂದು ಹೊರಳಿಗೆ ಗೋಡೆಗೆ ಢಿಕ್ಕಿ. 'ಹೌ ಫಿಶ್ ಈಸ್ ಮೇಡ್' ಎಂಬ ಆಟದ ಮೊದಲ ಐದು ನಿಮಿಷ ನಾನು ಇಷ್ಟನ್ನೇ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ನಕ್ಕು ನಕ್ಕು ಸುಸ್ತಾದ. ಆಮೇಲೆ ಅವನೇ ಕೇಳಿದ: "ಮಾವ, ದೆವ್ವ ಯಾವಾಗ ಬರುವುದು?"

ದೆವ್ವ ಬರುವುದಿಲ್ಲ. ಆಟದ ಹೆಚ್ಚುಗಾರಿಕೆ ಇರುವುದೇ ಅಲ್ಲಿ.

ಸ್ವೀಡನ್ನಿನ ರಾಂಗ್ ಆರ್ಗನ್ ಎಂಬ ಪುಟ್ಟ ತಂಡ 2022ರಲ್ಲಿ ಇದನ್ನು ಬಿಟ್ಟಿಯಾಗಿ ಬಿಡುಗಡೆ ಮಾಡಿತು. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ನೀವು ಒಂದು ಸಾರ್ಡೀನ್, ನಮ್ಮ ಬೂತಾಯಿಯ ನೆಂಟ. ಯಾವುದೋ ಯಂತ್ರದ ಹೊಟ್ಟೆಯೊಳಗೆ ಸಿಕ್ಕಿಬಿದ್ದಿದ್ದೀರಿ. ಯಂತ್ರವೆಂದರೆ ಬರೀ ಕಬ್ಬಿಣವಲ್ಲ. ಎಲ್ಲಿ ಕೊಳವೆ ಮುಗಿದು ಎಲ್ಲಿ ಮಾಂಸ ಶುರುವಾಯಿತೆಂದು ಗೊತ್ತಾಗುವುದಿಲ್ಲ. ಚಿತ್ರಗಳು ತೊಂಬತ್ತರ ದಶಕದ ಪ್ಲೇಸ್ಟೇಷನ್ ಆಟಗಳ ಹಾಗೆ ಒರಟು, ಮೂಲೆಮೂಲೆಯಾಗಿವೆ. ಕಣ್ಣಿಗೆ ಪೂರ್ತಿ ಕಾಣದ್ದನ್ನು ಮನಸ್ಸು ತುಂಬಿಕೊಳ್ಳುವುದರಿಂದ ಈ ಒರಟುತನ ಲಾಭಕ್ಕೇ ಬಂದಿದೆ. ಹೊರಳುತ್ತ ಹೋದಂತೆ ದಾರಿಯಲ್ಲಿ ಬೇರೆ ಮೀನುಗಳು ಸಿಗುತ್ತವೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನೀನು ಮೇಲಕ್ಕೋ, ಕೆಳಕ್ಕೋ?

ಮೇಲೆ ಏನಿದೆ? ಕಂಡವರಿಲ್ಲ. ಕೆಳಗೆ? ಅದೂ ಇಲ್ಲ. ಆದರೆ ಅಭಿಪ್ರಾಯವಿಲ್ಲದ ಮೀನು ಸಿಗುವುದು ಅಪರೂಪ. ಒಂದಕ್ಕೆ ಖಚಿತ ನಂಬಿಕೆ, ಇನ್ನೊಂದಕ್ಕೆ ಅನುಮಾನ, ಮತ್ತೊಂದಕ್ಕೆ ಆ ಪ್ರಶ್ನೆಯೇ ಬೇಡ. ಅವುಗಳ ಮಾತಿಗೆ ನೀವು ಉತ್ತರ ಕೊಡಬಹುದು. ಕೊಟ್ಟ ಉತ್ತರದಿಂದ ಯಂತ್ರದ ಒಂದು ಮೊಳೆಯೂ ಅಲುಗುವುದಿಲ್ಲ.

ಹಾರರ್ ಆಟಗಳ ಹಾದಿ ಹಿಡಿದು ಬಂದವರಿಗೆ ಇದು ವಿಚಿತ್ರ ಎನಿಸಬಹುದು. ಹತ್ತು ವರ್ಷಕ್ಕೂ ಹಿಂದಿನ 'ಸ್ಲೆಂಡರ್: ದಿ ಎಯ್ಟ್ ಪೇಜಸ್' ನೆನಪಿರಬೇಕು. ಮಾರ್ಕ್ ಹ್ಯಾಡ್ಲಿ 2012ರಲ್ಲಿ ಮಾಡಿದ ಅದೂ ಉಚಿತ, ಅದೂ ಚಿಕ್ಕದು. ಕತ್ತಲ ಕಾಡು, ಕೈಯಲ್ಲಿ ಒಂದು ಟಾರ್ಚು, ಹುಡುಕಬೇಕಾದ ಎಂಟು ಹಾಳೆ, ಬೆನ್ನ ಹಿಂದೆ ಮುಖವಿಲ್ಲದ ಉದ್ದನೆಯ ಆಸಾಮಿ. ಆಡುವವರು ಕಿರುಚುವುದನ್ನು ನೋಡಲೆಂದೇ ಯೂಟ್ಯೂಬಿನಲ್ಲಿ ಜನ ಸೇರಿದರು. ಆಮೇಲೆ ಬಂದ ನೂರಾರು ಉಚಿತ ಹಾರರ್ ಆಟಗಳಿಗೆ ಅದೇ ಅಚ್ಚು: ನಿಶ್ಶಬ್ದ, ನಿಶ್ಶಬ್ದ, ತಟ್ಟನೆ ಮುಖಕ್ಕೇ ಒಂದು ಚೀತ್ಕಾರ. ಬೆಚ್ಚಿಬೀಳುವುದಕ್ಕೂ ಹೆದರುವುದಕ್ಕೂ ಇರುವ ಅಂತರವನ್ನು ಅವು ಅಳಿಸಿಹಾಕಿದವು. ಬಾಗಿಲ ಹಿಂದೆ ಅಡಗಿ 'ಭೋ' ಎನ್ನುವ ತಮ್ಮನಿಗೂ ಅದು ಬರುತ್ತದೆ, ಅದಕ್ಕೆ ಕಂಪ್ಯೂಟರ್ ಬೇಕಿಲ್ಲ.

'ಹೌ ಫಿಶ್ ಈಸ್ ಮೇಡ್' ಆ ಅಚ್ಚನ್ನು ಬದಿಗಿಟ್ಟು ಹೆದರಿಕೆಯನ್ನು ಆಡುವವನ ಕೈಗೇ ಕೊಡುತ್ತದೆ. ಸಲೀಸಾಗಿ ಓಡುವ ದೇಹ ಕೊಟ್ಟಿದ್ದರೆ ಈ ಕಥೆ ಒಂದು ಸಾಧಾರಣ ನೀತಿಕಥೆ ಆಗಿಬಿಡುತ್ತಿತ್ತು. ಹೊರಳುವ ದೇಹ ಕೊಟ್ಟದ್ದರಿಂದ, ಆಯ್ಕೆ ನಿನ್ನದು ಎಂದು ಹೇಳುವ ಲೋಕದಲ್ಲಿ ನೆಟ್ಟಗೆ ಚಲಿಸುವ ಸ್ವಾತಂತ್ರ್ಯವೂ ನಿಮಗಿಲ್ಲ ಎಂಬುದು ಬೆರಳಿಗೇ ಗೊತ್ತಾಗುತ್ತದೆ. ಉಳ್ಳಾಲದ ಫಿಶ್ ಮೀಲ್ ಕಾರ್ಖಾನೆಗಳ ವಾಸನೆ ಕುಡಿದು ಬೆಳೆದ ನನಗೆ ಸಾರ್ಡೀನೂ ಯಂತ್ರವೂ ಒಟ್ಟಿಗಿರುವುದು ಹೊಸದಲ್ಲ. ಮೆಟ್ಟುಕತ್ತಿಯ ಮುಂದೆ ಕೂತು ಅಮ್ಮ ಬೂತಾಯಿಯ ತಲೆ ತೆಗೆಯುವಾಗ ಅದಕ್ಕೂ ಒಂದು ಅಭಿಪ್ರಾಯ ಇದ್ದೀತು ಎಂದು ಮಾತ್ರ ಹೊಳೆದಿರಲಿಲ್ಲ.

ಆಟದ ತುತ್ತತುದಿ ಒಂದು ಹಾಡು. ಹಾಡುವುದು ಪರಾವಲಂಬಿ ಹುಳು. ಇದು ಕಟ್ಟುಕಥೆಯ ಜೀವಿಯಲ್ಲ. ಸಿಮೋಥೋವಾ ಎಕ್ಸಿಗ್ವಾ ಎಂಬ ನಿಜವಾದ ಕಡಲಜೀವಿ ಇದರ ಮೂಲ. ಕಿವಿರಿನ ಮೂಲಕ ಒಳಹೊಕ್ಕು ಮೀನಿನ ನಾಲಗೆಗೆ ಕಚ್ಚಿಕೊಳ್ಳುತ್ತದೆ. ರಕ್ತ ಹರಿಯದೆ ನಾಲಗೆ ಬಾಡಿ ಉದುರುತ್ತದೆ. ಆಮೇಲೆ ಆ ಜಾಗದಲ್ಲಿ ತಾನೇ ಕೂತು ನಾಲಗೆಯಾಗಿಬಿಡುತ್ತದೆ, ಮೀನು ಬದುಕಿಯೇ ಇರುತ್ತದೆ. ಇಂಥದ್ದೊಂದು ಹುಳುವಿಗೆ ಉಮೇದಿನ ಹಾಡು ಕೊಡುವ ತಲೆ ಯಾರದೋ, ಅವರಿಗೆ ನನ್ನದೊಂದು ನಮಸ್ಕಾರ. ನಗು ಬರುತ್ತದೆ, ನಗುತ್ತಿರುವಾಗಲೇ ಒಂದು ಅನುಮಾನ ಏಳುತ್ತದೆ. ಇಷ್ಟು ಹೊತ್ತು ಮೇಲಕ್ಕೆ ಹೋಗು, ಕೆಳಕ್ಕೆ ಹೋಗು ಎಂದು ವಾದಿಸಿದ ಮೀನುಗಳ ಬಾಯಲ್ಲಿ ಇದ್ದದ್ದು ಯಾರ ನಾಲಗೆ? ಆಟ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಕೇಳದಿರುವುದೇ ಅದರ ಜಾಣತನ.

ಎಲ್ಲ ಕಡೆಯೂ ಇಂಥ ಸಂಯಮವಿಲ್ಲ. ಕೆಲವು ಮೀನುಗಳು ಬಾಯಿ ತೆರೆದರೆ ಹಾಸ್ಟೆಲ್ ಮಾಳಿಗೆಯಲ್ಲಿ ನಡುರಾತ್ರಿ ಅಸ್ತಿತ್ವವಾದ ಚರ್ಚಿಸುವ ಹುಡುಗರ ನೆನಪಾಗುತ್ತದೆ. ವಾದ ಬೇರೆ ಬೇರೆ, ದನಿ ಒಂದೇ. ಮೂರನೆಯ ಮೀನಿನ ಹೊತ್ತಿಗೆ ಬರೆದವರ ಚುರುಕುತನ ಪಾತ್ರಕ್ಕಿಂತ ಮೊದಲು ಕಿವಿಗೆ ಬೀಳುತ್ತದೆ. ಮಾಂಸದ ಗೋಡೆಗಳೂ ಅಷ್ಟೇ: ಮೊದಲ ಸಲ ಹೇಸಿಗೆ, ಐದನೆಯ ಸಲ ವಾಲ್‌ಪೇಪರ್. ಈ ಸರಕನ್ನು ನಾಲ್ಕು ಗಂಟೆಗೆ ಎಳೆದಿದ್ದರೆ ನಾನು ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ಬೇಸರ ಬರುವುದಕ್ಕೂ ಮುಗಿಯುವುದಕ್ಕೂ ಸರಿಹೋಗಿ ಆಟ ಬಚಾವಾಗಿದೆ.

ಉಚಿತ ಎಂಬ ಮಾತಿಗೂ ಇಲ್ಲಿ ಅರ್ಥವಿದೆ. ದುಡ್ಡು ತೆಗೆದುಕೊಂಡ ಆಟ ಕೊಟ್ಟ ರೊಕ್ಕಕ್ಕೆ ಇಷ್ಟು ತಾಸು, ಇಷ್ಟು ಹಂತ ಎಂದು ಲೆಕ್ಕ ಒಪ್ಪಿಸಬೇಕಾಗುತ್ತದೆ. ಬಿಟ್ಟಿ ಕೊಟ್ಟವರಿಗೆ ಆ ಹಂಗಿಲ್ಲ. ಮೀನನ್ನು ಹೊರಳಿಸಬಹುದು, ಹುಳುವಿನಿಂದ ಹಾಡಿಸಬಹುದು, ಅರ್ಧ ಗಂಟೆಗೆ ಪರದೆ ಎಳೆಯಬಹುದು. ಇದೇ ತಂಡ 2024ರಲ್ಲಿ 'ಮೌತ್‌ವಾಶಿಂಗ್' ಎಂಬ ಆಟವನ್ನು ದುಡ್ಡಿಗೇ ಮಾರಿ ಹೆಸರು ಮಾಡಿತು. ಬಾಹ್ಯಾಕಾಶದ ಸರಕು ಹಡಗಿನಲ್ಲಿ ಸಿಕ್ಕಿಬಿದ್ದ ಐವರ ಕಥೆ ಅದು, ಇದಕ್ಕಿಂತ ಹದವಾಗಿ ಕಟ್ಟಿದ್ದು. ಅಲ್ಲಿಯೂ ಹೊರದಾರಿಯಿಲ್ಲದ ಲೋಹದ ಹೊಟ್ಟೆಯಿದೆ. ಆದರೆ ಆ ಹುಳುವಿನ ಹಾಡಿನ ಪುಂಡುತನ ಅಲ್ಲಿ ನನಗೆ ಸಿಗಲಿಲ್ಲ.

ಕೊನೆಗೆ ಮೇಲಕ್ಕೆ ಹೋದೆನೋ ಕೆಳಕ್ಕೆ ಹೋದೆನೋ ಹೇಳುವುದಿಲ್ಲ. ಅಕ್ಕನ ಮಗ ಇನ್ನೊಂದು ದಾರಿ ಆರಿಸಬೇಕಿತ್ತು ಎಂದು ಇವತ್ತಿಗೂ ಜಗಳ ಆಡುತ್ತಾನೆ. ಆಟ ಸ್ಟೀಮ್ ಎಂಬ ಆಟಗಳ ಜಾಲತಾಣದಲ್ಲಿ ಈಗಲೂ ಉಚಿತ. ಇಯರ್‌ಫೋನ್ ಹಾಕಿಕೊಂಡು ಆಡಿ. ಆ ರಾತ್ರಿ ಊಟಕ್ಕೆ ಬೂತಾಯಿ ಪುಳಿಮುಂಚಿ ಇದ್ದರೆ, ಮೊದಲು ಊಟ ಮುಗಿಸಿ.