ಹಳೇ ಲಾರಿ, ಹೊಸ ಕಂತು

ಶಿರಾ ಸೀಮೆಯ ಓದುಗರೊಬ್ಬರು ತಮ್ಮ ಮನೆಯ ಜಗಳವೊಂದನ್ನು ಈ ಅಂಕಣದ ಪಂಚಾಯ್ತಿಗೆ ತಂದಿದ್ದಾರೆ. ಅವರದು 2012ರ ಟಾಟಾ 1613, ಆರು ಚಕ್ರದ ಲಾರಿ. ತಾವೇ ಮಾಲೀಕರು, ತಾವೇ ಡ್ರೈವರು. ನ್ಯಾಷನಲ್ ಪರ್ಮಿಟ್ ಮುಗಿದಿದೆ. ಈಗ ರಾಜ್ಯದೊಳಗೆ ಮಾತ್ರ ಓಡಾಟ. ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿನ ದಿನ, ಹತ್ತಿರ ಬಂತು. ಇದಕ್ಕೇ ಖರ್ಚು ಮಾಡಿ ಇಟ್ಟುಕೊಳ್ಳುವುದೋ, ಮಾರಿ ಹೊಸದು ಎತ್ತುವುದೋ? ಮಗ ಹೊಸದು ಅನ್ನುತ್ತಾನೆ. ಮೆಕ್ಯಾನಿಕ್ ಹಳೆಯದೇ ಇರಲಿ ಅನ್ನುತ್ತಾನೆ. ಮೆಕ್ಯಾನಿಕ್ ಬೇರೇನು ಹೇಳಿಯಾನು!

ಇಂಥ ಪ್ರಶ್ನೆ ಬಂದಾಗ ಎಲ್ಲರೂ ಮೊದಲು ಕೇಳುವುದು ಗಾಡಿ ಎಷ್ಟು ವರ್ಷದ್ದು ಅಂತ. ನಾನು ಕೇಳುವುದು ಬೇರೆ: ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೆ, ಏನು ಲೋಡು, ವಾಪಸ್ ಬರುವಾಗ ತುಂಬಿ ಬರುತ್ತೋ ಖಾಲಿ ಬರುತ್ತೋ? ಇಷ್ಟು ಗೊತ್ತಾದರೆ ಗಾಡಿಯ ವಯಸ್ಸು ಅರ್ಧಕ್ಕರ್ಧ ಅಪ್ರಸ್ತುತ. ಇವರು ಹಂಗಾಮಿನಲ್ಲಿ ಹಿರಿಯೂರು, ಚಳ್ಳಕೆರೆ ಕಡೆಯ ಈರುಳ್ಳಿಯನ್ನು ಯಶವಂತಪುರಕ್ಕೆ ಹೊಡೆಯುತ್ತಾರೆ. ಉಳಿದ ದಿನ ಸಿಮೆಂಟು, ಹಿಂಡಿ, ಗೊಬ್ಬರ, ಸಿಕ್ಕಿದ್ದು. ವರ್ಷಕ್ಕೆ ನಲವತ್ತು ಸಾವಿರ ಕಿಲೋಮೀಟರ್ ಆದರೆ ಹೆಚ್ಚು.

ಮೊದಲು ಈ 1613ರ ಬಗ್ಗೆ ಎರಡು ಮಾತು ಆಡದಿದ್ದರೆ ನನಗೆ ಸಮಾಧಾನವಿಲ್ಲ. ಹದಿನಾರು ಟನ್ ಒಟ್ಟು ತೂಕ, ನೂರಮೂವತ್ತು ಅಶ್ವಶಕ್ತಿ. ಹೆಸರಿನಲ್ಲೇ ಜಾತಕ ಬರೆದಿದೆ. ಆರು ಸಿಲಿಂಡರ್, ಮೆಕ್ಯಾನಿಕಲ್ ಪಂಪು. ಆ ಕಾಲದ ಲಾರಿಗಳ ಪಂಪು, ನಾಝಲ್‌ಗಳಲ್ಲಿ ದೊಡ್ಡ ಪಾಲು ನಮ್ಮ ಬೆಂಗಳೂರಿನ ಮೈಕೋದ್ದು. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೆಳೆದ ಆ ಕಾರ್ಖಾನೆ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ಪಂಪ್ ರಿಪೇರಿ ಅಂಗಡಿಗಳಲ್ಲಿ ಇವತ್ತಿಗೂ ಅದು ಮೈಕೋನೇ. ಈ ಇಂಜಿನ್ ಕೆಡುವುದರಲ್ಲೂ ಒಂದು ಮರ್ಯಾದೆ ಇದೆ. ಮೊದಲು ಹೊಗೆ ಬಣ್ಣ ತಿರುಗುತ್ತೆ, ಆಮೇಲೆ ಆಯಿಲ್ ಕುಡಿಯುತ್ತೆ, ಆಮೇಲೆ ಆಯಿಲ್ ಮುಚ್ಚಳ ತೆಗೆದರೆ ಭುಸುಭುಸು ಬ್ಯಾಕ್ ಕಂಪ್ರೆಷನ್. ಇಷ್ಟೆಲ್ಲ ನೋಟಿಸು ಕೊಟ್ಟ ಮೇಲೇ ಕೈಕೊಡುವುದು. ಲೈನರ್, ಪಿಸ್ಟನ್, ಬೇರಿಂಗ್ ಹಾಕಿ ಫುಲ್ ಇಂಜಿನ್ ಕೆಲಸ ಮಾಡಿಸಿದರೂ ಹೊಸ ಲಾರಿಯ ಮೂರ್ನಾಲ್ಕು ಕಂತಿನ ದುಡ್ಡಿನಲ್ಲಿ ಸಾಮಾನ್ಯವಾಗಿ ಮುಗಿಯುತ್ತದೆ.

ಹಾಗಾದರೆ ಇಂಥ ಗಾಡಿಗೆ ಮುಪ್ಪು ಬರುವುದು ಎಲ್ಲಿಂದ? ಕಾಗದದಿಂದ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಎರಡು ಆಕ್ಸಲಿನ ಲಾರಿಗೆ ಹನ್ನೆರಡು ವರ್ಷ ದಾಟಿದರೆ ನ್ಯಾಷನಲ್ ಪರ್ಮಿಟ್ ಇಲ್ಲ, ಮಲ್ಟಿ ಆಕ್ಸಲಿಗೆ ಹದಿನೈದು ವರ್ಷ. ಇಂಜಿನ್ ಎಷ್ಟೇ ಗಟ್ಟಿಯಿರಲಿ, 2012ರ ಗಾಡಿ 2024ಕ್ಕೆ ರಾಜ್ಯದ ಗಡಿಯೊಳಗೆ ಕೂತಿತು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಇದ್ದ ಎಫ್‌ಸಿ ಆಮೇಲೆ ಪ್ರತಿ ವರ್ಷ. ಹದಿನೈದು ದಾಟಿದ ಭಾರಿ ವಾಹನದ ಎಫ್‌ಸಿ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೇಂದ್ರದ ನಿಯಮ 1,500 ರೂಪಾಯಿಯಿಂದ ಒಂದೇ ಏಟಿಗೆ 12,500ಕ್ಕೆ ಏರಿಸಿತು. ಹೊರಗಿನಿಂದ ಬರುವ, ಹೊಗೆಯ ಮಾನದಂಡದಲ್ಲಿ ಬಿಎಸ್-3 ಮತ್ತು ಅದಕ್ಕೂ ಹಳೆಯ ಸರಕು ಗಾಡಿಗಳಿಗೆ 2025ರ ನವೆಂಬರ್ 1ರಿಂದ ದೆಹಲಿಯೊಳಗೆ ಪ್ರವೇಶವೂ ಇಲ್ಲ. ಹಿರಿಯೂರಿನ ಈರುಳ್ಳಿಗೆ ದೆಹಲಿಯ ಹಂಗಿಲ್ಲ ಬಿಡಿ. ಆದರೆ ಸರ್ಕಾರ ಹಳೇ ಲಾರಿಯನ್ನು ಕೊಲ್ಲುವ ಬಗೆ ಇದು: ಗಾಡಿಯನ್ನು ಮುಟ್ಟುವುದಿಲ್ಲ, ಅದರ ದಾರಿಯನ್ನು ವರ್ಷವರ್ಷವೂ ಗಿಡ್ಡ ಮಾಡುತ್ತಾ ಬರುತ್ತದೆ.

ಆದ್ದರಿಂದ ನನ್ನ ವಾದ ಇಷ್ಟೇ. ಉಳಿದಿರುವ ಗಿಡ್ಡ ದಾರಿಯಲ್ಲೇ ನಿಮ್ಮ ಲೋಡು ಇದ್ದರೆ ಹಳೆಯದೇ ಸರಿ. ನಿಮಗೆ ಉದ್ದ ದಾರಿ ಬೇಕಿದ್ದರೆ, ಆ ದಾರಿಯಲ್ಲಿ ಲೋಡು ಕೊಡುವವರು ನಿಜವಾಗಿ ಇದ್ದರೆ, ಹೊಸದು.

ಲೆಕ್ಕ ಹಾಕಿ ನೋಡೋಣ. ಮಗ ಹೇಳುವ ಮೊದಲ ಕಾರಣ ಮೈಲೇಜು. ಹಳೆಯದು ಲೀಟರಿಗೆ ನಾಲ್ಕೂವರೆ, ಹೊಸದು ಐದೂವರೆ ಕೊಡುತ್ತೆ ಅಂತ ಉದಾರವಾಗಿಯೇ ಹಿಡಿಯೋಣ. ಡೀಸೆಲ್ ಲೀಟರಿಗೆ 91 ರೂಪಾಯಿ ಅಂದುಕೊಳ್ಳೋಣ. ನಲವತ್ತು ಸಾವಿರ ಕಿಲೋಮೀಟರಿಗೆ ಉಳಿಯುವುದು ಸುಮಾರು 1,600 ಲೀಟರ್, ಅಂದರೆ ಒಂದೂವರೆ ಲಕ್ಷದ ಒಳಗೆ. ಇನ್ನು ಇಪ್ಪತ್ತು ಲಕ್ಷ ಸಾಲ, ಶೇ 10 ಬಡ್ಡಿ, ಐದು ವರ್ಷ ಅಂದುಕೊಳ್ಳಿ. ತಿಂಗಳ ಕಂತು ಸುಮಾರು 42,500. ವರ್ಷಕ್ಕೆ ಐದು ಲಕ್ಷದ ಮೇಲೆ. ಮೈಲೇಜಿನ ಉಳಿತಾಯ ಕಂತಿನ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಅದೇ ಗಾಡಿ ವರ್ಷಕ್ಕೆ ಒಂದು ಲಕ್ಷ ಕಿಲೋಮೀಟರ್ ಓಡಿದರೆ ಡೀಸೆಲಿನಲ್ಲೇ ಮೂರೂವರೆ ಲಕ್ಷದ ಮೇಲೆ ಉಳಿಯುತ್ತದೆ, ಚಿತ್ರವೇ ಬೇರೆಯಾಗುತ್ತದೆ. 2018ರ ಜುಲೈನಲ್ಲಿ ಆಕ್ಸಲ್ ಭಾರದ ನಿಯಮ ಸಡಿಲವಾದ ಮೇಲೆ ಎರಡು ಆಕ್ಸಲಿನ ಗಾಡಿಯ ಒಟ್ಟು ತೂಕ 16.2 ಟನ್ನಿನಿಂದ 18.5ಕ್ಕೆ ಏರಿದೆ, ಆ ಎರಡು ಟನ್ನಿನ ಬಾಡಿಗೆಯೂ ಹೊಸದರ ಪಾಲಿಗೆ ಸೇರುತ್ತದೆ. ಆದರೆ ಎರಡು ಟನ್ ಹೆಚ್ಚು ಹೇರುವುದಕ್ಕೆ ಮೊದಲು ಲೋಡು ಇರಬೇಕಲ್ಲ!

ವಿಮೆಯಲ್ಲೂ ಇದೇ ಕಥೆ. ಥರ್ಡ್ ಪಾರ್ಟಿಗೆ ಹೊಸದು ಹಳೆಯದು ಅನ್ನುವ ಭೇದವಿಲ್ಲ. 2022ರಲ್ಲಿ ನಿಗದಿಯಾದ ದರದಂತೆ 12ರಿಂದ 20 ಟನ್ನಿನ ಗಾಡಿಗೆ 35,313 ರೂಪಾಯಿ, ಮೇಲೆ ತೆರಿಗೆ. ಆದರೆ ಸಾಲದ ಗಾಡಿಗೆ ಫುಲ್ ಇನ್ಶೂರೆನ್ಸ್ ಇಲ್ಲದೆ ಫೈನಾನ್ಸಿನವರು ಬಿಡುವುದಿಲ್ಲ.

ಕಂತಿನ ಬಗ್ಗೆ ಬಳ್ಳಾರಿ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅದಿರು ಉಕ್ಕಿ ಹರಿದ ಕಾಲದಲ್ಲಿ ಸಂಡೂರು, ಹೊಸಪೇಟೆ ಸುತ್ತ ಲಾರಿ ಇಲ್ಲದ ಓಣಿ ಇರಲಿಲ್ಲ. ಹೊಲ ಮಾರಿದವರು, ಒಡವೆ ಅಡ ಇಟ್ಟವರು, ಕ್ಲೀನರ್ ಆಗಿದ್ದವರು ಎಲ್ಲರೂ ಸಾಲ ಎತ್ತಿ ಮಾಲೀಕರಾದರು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರಿಗೂ ಅದೇ ಆದೇಶ. ಲಾರಿಗಳು ಸಾಲುಸಾಲಾಗಿ ನಿಂತವು. ಆ ಗಾಡಿಗಳಲ್ಲಿ ಎಷ್ಟೋ ಹೊಚ್ಚ ಹೊಸವು, ಟೈರಿನ ಮುಳ್ಳು ಕೂಡ ಸವೆದಿರಲಿಲ್ಲ. ಕೆಟ್ಟಿದ್ದು ಗಾಡಿಯಲ್ಲ, ದಾರಿ. ಕಂತು ಮಾತ್ರ ತಪ್ಪದೆ ತಿಂಗಳ ತಾರೀಖಿಗೆ ಬರುತ್ತಿತ್ತು, ಅದರ ಹಿಂದೆ ಸೀಜ್ ಮಾಡುವವರು. ಆ ಹೊತ್ತಿನಲ್ಲಿ ಸಾಲ ತೀರಿದ ಹಳೇ ಲಾರಿ ಇಟ್ಟುಕೊಂಡವರು ಗಾಡಿಯನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಒಂದು ಕೋರ್ಟಿನ ತೀರ್ಪಿಗೋ ಒಂದು ಮಳೆಗಾಲಕ್ಕೋ ಕಾಯಬಹುದಿತ್ತು. ಹಳೇ ಗಾಡಿಯ ರಿಪೇರಿ ಹೇಳದೆ ಬರುತ್ತೆ, ನಿಜ. ಆದರೆ ದುಡ್ಡಿಲ್ಲದಾಗ ಅದನ್ನು ಮುಂದಕ್ಕೆ ಹಾಕಬಹುದು. ಅಂಗಡಿಯವನ ಹತ್ತಿರ ಉದ್ರಿ ಹೇಳಬಹುದು. ಕಂತಿಗೆ ಉದ್ರಿ ಇಲ್ಲ.

ಮಗನ ಪರವಾಗಿಯೂ ಮಾತಾಡಬೇಕು. 2025ರ ಸೆಪ್ಟೆಂಬರ್ 22ರಿಂದ ಲಾರಿಯ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ದೊಡ್ಡ ಕಂಪನಿಗಳಲ್ಲಿ ಎಷ್ಟೋ ಜನ ಈ ತೆರಿಗೆಯನ್ನು ಮೊದಲೂ ವಾಪಸ್ ಹೊಂದಿಸಿಕೊಳ್ಳುತ್ತಿದ್ದರು. ಜಿಎಸ್‌ಟಿ ನಂಬರೇ ಇಲ್ಲದ ಒಂಟಿ ಲಾರಿಯ ಮಾಲೀಕರಿಗೆ ಇದು ನಿಜವಾದ ಉಳಿತಾಯ. ಈಗ ತಯಾರಾಗುವ ಟ್ರಕ್‌ಗಳಿಗೆ ಕ್ಯಾಬಿನ್‌ನಲ್ಲಿ ಎಸಿ ಕಡ್ಡಾಯ. ಇದನ್ನು ಷೋಕಿ ಅಂತ ನಗುವವರು ಏಪ್ರಿಲ್ ತಿಂಗಳ ಮಧ್ಯಾಹ್ನ 1613ರ ಬಾನೆಟ್ ಪಕ್ಕ ಕೂತು ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗಿ ಬರಲಿ. ಡ್ರೈವರುಗಳು ಸಿಗದ ಕಾಲವಿದು. ಸಿಕ್ಕವರು ಮೊದಲು ಕ್ಯಾಬಿನ್ ನೋಡುತ್ತಾರೆ, ಬಾಟಾ ಆಮೇಲೆ. ನಮ್ಮ ಓದುಗರ ಗಾಡಿ ಎಬಿಎಸ್ ಬ್ರೇಕ್ ಕಡ್ಡಾಯವಾಗುವುದಕ್ಕಿಂತ ಮುಂಚಿನದು ಅನ್ನುವುದನ್ನೂ ಮರೆಯುವಂತಿಲ್ಲ. ಶಿರಾ–ಯಶವಂತಪುರದ ಹೈವೇಯಲ್ಲಿ ಅದು ನಡೆದೀತು. ಮಳೆಗಾಲದ ಶಿರಾಡಿ ಘಾಟಿಗೆ ತುಂಬಿದ ಗಾಡಿಯನ್ನು ಇಳಿಸುವ ಆಸೆ ಇದ್ದರೆ ನಾನು ಹೊಸದಕ್ಕೇ ಓಟು ಹಾಕುತ್ತೇನೆ.

ಆದರೆ ಮಗನಿಗೆ ಷೋರೂಮಿನಲ್ಲಿ ಬಹುಶಃ ಹೇಳದಿರುವ ಸಂಗತಿ ಒಂದಿದೆ. 2020ರ ಏಪ್ರಿಲ್ 1ರಿಂದ ಮಾರಾಟವಾಗುವುದು ಬಿಎಸ್-6 ಗಾಡಿ. ಅದರ ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಜೊತೆಗೆ ಡ್ರೈವರುಗಳು ಯೂರಿಯಾ ಅಂತ ಕರೆಯುವ ಡಿಇಎಫ್ ಸಿಂಪಡಿಸುವ ವ್ಯವಸ್ಥೆ. ಡೀಸೆಲಿನ ಶೇ 5ರಷ್ಟು ಈ ದ್ರವ ಬೇಕು. ಫಿಲ್ಟರಿನಲ್ಲಿ ಕೂತ ಮಸಿ ತಾನಾಗಿ ಸುಟ್ಟುಹೋಗಬೇಕಾದರೆ ಸೈಲೆನ್ಸರ್ ಚೆನ್ನಾಗಿ ಕಾಯಬೇಕು. ಅದು ಕಾಯುವುದು ತುಂಬಿದ ಗಾಡಿ ಹೈವೇಯಲ್ಲಿ ಒಂದೇ ಸಮ ಓಡಿದಾಗ. ಮಂಡಿಯ ಕ್ಯೂನಲ್ಲಿ ಆನ್ ಮಾಡಿ ಆಫ್ ಮಾಡಿ, ಹಳ್ಳಿಯ ಹೊಲದ ಬದುವಿನಿಂದ ಮೂಟೆ ಎತ್ತಿಕೊಂಡು ಹತ್ತಿಪ್ಪತ್ತು ಕಿಲೋಮೀಟರ್ ತೆವಳುವ ಗಾಡಿಯಲ್ಲಿ ಮಸಿ ಕಟ್ಟುತ್ತಲೇ ಹೋಗುತ್ತದೆ. ಡ್ಯಾಷ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಅದನ್ನು ಕಡೆಗಣಿಸಿದರೆ ಇಂಜಿನ್ ತಾನೇ ಎಳೆತ ಕಡಿಮೆ ಮಾಡಿಕೊಳ್ಳುತ್ತದೆ. ಆಗ ನಮ್ಮ ಹಳೇ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಬಂದು ಪ್ರಯೋಜನವಿಲ್ಲ. ಲ್ಯಾಪ್‌ಟಾಪ್ ಇರುವವರೇ ಬರಬೇಕು. ಹೊಸ ಲಾರಿಗೆ ಉದ್ದ ದಾರಿ ಬೇಕು ಅಂದದ್ದು ಕಂತಿನ ಕಾರಣಕ್ಕೆ ಮಾತ್ರವಲ್ಲ. ಅದರ ಹೊಟ್ಟೆಯೂ ಅದನ್ನೇ ಕೇಳುತ್ತದೆ.

ಮಧ್ಯದ ದಾರಿ ಅಂತ ಐದಾರು ವರ್ಷದ ಸೆಕೆಂಡ್ ಹ್ಯಾಂಡ್ ಬಿಎಸ್-6 ನೋಡುವವರಿದ್ದಾರೆ. ನನಗೆ ಅದು ಒಗ್ಗುವುದಿಲ್ಲ. ವಾರಂಟಿ ಮುಗಿದಿರುತ್ತೆ, ಸೆನ್ಸರ್‌ಗಳು ಒಂದೊಂದಾಗಿ ಕೈಕೊಡುವ ವಯಸ್ಸು, ಮೇಲೆ ಹಳೇ ಗಾಡಿಯ ಬಡ್ಡಿದರ. ಫೈನಾನ್ಸಿನವರು ಸೀಜ್ ಮಾಡಿದ ಗಾಡಿಯಾದರೆ ಯಾಕೆ ಸೀಜ್ ಆಯಿತು ಅನ್ನುವ ಪ್ರಶ್ನೆಯನ್ನೂ ಜೊತೆಗೇ ಕೊಂಡುಕೊಳ್ಳುತ್ತೀರಿ.

ದೊಡ್ಡವರನ್ನು ನೋಡಿ ತೀರ್ಮಾನ ಮಾಡಬೇಡಿ ಅಂತಲೂ ಹೇಳಬೇಕು. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುವಾದ ಸಾರಿಗೆ ಕಂಪನಿ ವಿಆರ್‌ಎಲ್‌ಗೆ ಹುಬ್ಬಳ್ಳಿ ಪಕ್ಕದ ವರೂರಿನಲ್ಲಿ ಸ್ವಂತ ವರ್ಕ್‌ಶಾಪ್ ಇದೆ. ಸ್ವಂತ ಮೆಕ್ಯಾನಿಕ್, ಬಿಡಿಭಾಗದ ಸ್ವಂತ ಉಗ್ರಾಣ ಇದ್ದವರಿಗೆ ಗಾಡಿ ಇಟ್ಟುಕೊಳ್ಳುವ ಲೆಕ್ಕವೇ ಬೇರೆ. ಒಂದು ಗಾಡಿ ನಿಂತರೆ ಅವರ ಬಳಿ ಇನ್ನೊಂದು ಓಡುತ್ತಿರುತ್ತದೆ. ನಮ್ಮ ಓದುಗರ ಗಾಡಿ ನಿಂತರೆ ಮನೆಯೇ ನಿಂತಂತೆ.

ಹಾಗಾಗಿ ಇಟ್ಟುಕೊಳ್ಳುವ ಮುನ್ನ ಚಾಸಿ ನೋಡಿಸಿ. ಎಲ್ಲರೂ ಇಂಜಿನ್ ಕೇಳಿಸಿಕೊಂಡು ತೀರ್ಮಾನಿಸುತ್ತಾರೆ, ಅದು ತಪ್ಪು. ಇಂಜಿನ್ ಇಳಿಸಿ ಏರಿಸಬಹುದು, ಗೇರ್ ಬಾಕ್ಸ್ ಬದಲಿಸಬಹುದು, ಕ್ರೌನ್ ಪಿನಿಯನ್ ಹೊಸದು ಹಾಕಬಹುದು. ಚಾಸಿಗೆ ಬೇರೆ ಜನ್ಮವಿಲ್ಲ. ಗಾಡಿ ತೊಳೆಸಿ, ಒಣಗಿದ ಮೇಲೆ ಅಡಿಗೆ ಹೋಗಿ ಹಿಂದಿನ ಪ್ಲೇಟಿನ ಹ್ಯಾಂಗರ್ ಸುತ್ತ ಟಾರ್ಚ್ ಹಾಕಿ. ಕೂದಲೆಳೆಯಂಥ ಬಿರುಕು, ಅದರಿಂದ ಇಳಿದ ತುಕ್ಕಿನ ಗೆರೆ ಕಂಡರೆ ಗಮನ ಕೊಡಿ. ಹಿಂದೆ ಯಾರೋ ವೆಲ್ಡಿಂಗ್ ಮಾಡಿ ಪಟ್ಟಿ ಹೊಡೆದಿದ್ದರೆ, ಆ ಪಟ್ಟಿಯ ಅಂಚಿನಲ್ಲಿ ಮತ್ತೆ ಬಿರುಕು ಬಿಟ್ಟಿದ್ದರೆ, ಇಂಜಿನ್ ಎಷ್ಟೇ ಇಂಪಾಗಿ ಹಾಡಲಿ, ಮಾರಿಬಿಡಿ. ಅದಿರು, ಕಬ್ಬು ಹೊತ್ತ ಗಾಡಿಗಳ ಚಾಸಿ ಬೇಗ ಸೋಲುತ್ತದೆ. ಈರುಳ್ಳಿ ಹೊತ್ತಿದ್ದರೆ ಆಸೆ ಇದೆ.

ಚಾಸಿ ಗಟ್ಟಿಯಿದ್ದರೆ ನನ್ನ ಸಲಹೆ: ಈ ಸಲ ಎಫ್‌ಸಿ ಮಾಡಿಸಿ, ಹದಿನೈದು ತುಂಬುವವರೆಗೆ ಓಡಿಸಿ. ಮಗನಿಗೂ ಒಂದು ಕೆಲಸ ಕೊಡಿ. ಹೊಸ ಲಾರಿ ಬಂದೇಬಿಟ್ಟಿದೆ ಅಂತ ತಿಳಿದು ಆರು ತಿಂಗಳು 42,500 ರೂಪಾಯಿಯನ್ನು ತಪ್ಪದೆ ಬ್ಯಾಂಕಿಗೆ ಕಟ್ಟಲಿ. ಜೊತೆಗೆ ಹೊರರಾಜ್ಯಕ್ಕೆ ವರ್ಷವಿಡೀ ಲೋಡು ಕೊಡುವ ಒಬ್ಬ ಟ್ರಾನ್ಸ್‌ಪೋರ್ಟಿನವನನ್ನು, ವಾಪಸ್ ಲೋಡು ಕೊಡುವ ಇನ್ನೊಬ್ಬನನ್ನು ಹುಡುಕಲಿ. ಎರಡೂ ಆದರೆ ಕಟ್ಟಿದ ದುಡ್ಡೇ ಡೌನ್ ಪೇಮೆಂಟಿಗೆ ಸೇರುತ್ತದೆ, ನಾನೇ ಷೋರೂಮಿಗೆ ಜೊತೆಗೆ ಬರುತ್ತೇನೆ.

ಆಗ ಹಳೆಯದನ್ನು ಗುಜರಿಗೆ ಹಾಕಿದರೆ ಸಿಗುವ ಸರ್ಟಿಫಿಕೇಟಿಗೆ ಹೊಸ ಸರಕು ಗಾಡಿಯ ರಸ್ತೆ ತೆರಿಗೆಯಲ್ಲಿ ಶೇ 15ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಆದರೆ ಓಡುವ 1613ಕ್ಕೆ ಇಟ್ಟಿಗೆ ಗೂಡಿನವರು, ಹುಲ್ಲು ಸಾಗಿಸುವವರು ಗುಜರಿಗಿಂತ ಒಳ್ಳೆಯ ಬೆಲೆ ಕೊಡುತ್ತಾರೆ. ಹಾಗೆ ಮಾರುವ ದಿನ ಬಂದಾಗ ಫಾರಂ 29, 30ಕ್ಕೆ ಸಹಿ ಹಾಕಿ ಕೈತೊಳೆದುಕೊಳ್ಳಬೇಡಿ. ಆರ್‌ಸಿಯಲ್ಲಿ ಕೊಂಡವರ ಹೆಸರು ಬರುವವರೆಗೆ ಆರ್‌ಟಿಒ ಕಚೇರಿಗೆ ಅಲೆಯಿರಿ. ಗಾಡಿ ಯಾರ ಕೈಯಲ್ಲೇ ಇರಲಿ, ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಫೈನಾನ್ಸಿನ ಹೆಸರು ಉಳಿದಿದ್ದರೆ ಫಾರಂ 35 ಕೊಟ್ಟು ಅದನ್ನೂ ಈಗಲೇ ತೆಗೆಸಿಡಿ.