ಚಳಿ, ಜಿಡ್ಡು, ಹುಳಿ

ಡಿಸೆಂಬರ್ ಬಂತೆಂದರೆ ನಮ್ಮ ಹೈದರಾಬಾದಿನ ಕುಷಾಯಿಗೂಡದ ರಾತ್ರಿಗಳು 12–13 ಡಿಗ್ರಿಗೆ ಇಳಿಯುತ್ತವೆ. ಮಡಿಕೇರಿಯವರು ಇದನ್ನು ಚಳಿ ಎಂದು ಒಪ್ಪಲಿಕ್ಕಿಲ್ಲ; ಹಂದಿಯ ಕೊಬ್ಬು ಒಪ್ಪುತ್ತದೆ. ಬಾಣಲೆಯಲ್ಲಿ ಎಣ್ಣೆಯಾಗಿ ಹರಿಯುತ್ತಿದ್ದ ಆ ಕೊಬ್ಬು ನಮ್ಮ ಮೈಬಿಸಿಯ ಆಸುಪಾಸಿಗೆ ಬಂದಾಗಲೇ ಹೆಪ್ಪುಗಟ್ಟತೊಡಗುತ್ತದೆ. ತಣ್ಣನೆಯ ಸ್ಟೀಲ್ ತಟ್ಟೆಗೆ ಬಿದ್ದ ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಬೆಳ್ಳಗೆ ಕೆನೆಗಟ್ಟಿ, ನಾಲ್ಕನೆಯ ತುತ್ತಿನ ಹೊತ್ತಿಗೆ ಅಂಗುಳಿಗೆ ಮೆತ್ತಿಕೊಳ್ಳುತ್ತದೆ. ಚಳಿಗಾಲದ ಹಂದಿ ಊಟಕ್ಕೆ ಹಣ್ಣಿನ ಜೊತೆ ಬೇಕು ಎಂದು ಬೇರೆ ಬೇರೆ ನಾಡಿನ ಅಡುಗೆಮನೆಗಳು ಕಂಡುಕೊಂಡಿದ್ದು ಈ ತೊಂದರೆಯಿಂದಲೇ ಎಂದು ನನ್ನ ನಂಬಿಕೆ. ಹಾಗಿದ್ದರೆ ಆ ಹಣ್ಣು ಸಿಹಿಯದ್ದಾಗಿ ಪ್ರಯೋಜನವಿಲ್ಲ, ಹುಳಿಯದ್ದೇ ಆಗಬೇಕು. ಹುಳಿ ನಾಲಿಗೆಗೆ ಬಿದ್ದೊಡನೆ ಬಾಯಲ್ಲಿ ನೀರೂರುತ್ತದೆ, ಜಿಡ್ಡು ತೊಳೆದುಹೋಗುತ್ತದೆ, ಮುಂದಿನ ತುತ್ತಿಗೆ ನಾಲಿಗೆ ಅಣಿಯಾಗುತ್ತದೆ. ಸಿಹಿ ಆ ಕೆಲಸ ಮಾಡದು. ಜಿಡ್ಡಿನ ಮೇಲೆ ಇನ್ನೊಂದು ಪದರ ಬಳಿಯುತ್ತದೆ, ಅಷ್ಟೇ. ಕ್ರಿಸ್‌ಮಸ್ ಹೊತ್ತಿಗೆ ಎಲ್ಲೆಡೆ ಕಾಣುವ, ಅನಾನಸ್ ಬಿಲ್ಲೆಯ ನಡುವೆ ಚೆರ್ರಿ ಸಿಕ್ಕಿಸಿದ ಹಂದಿ ತೊಡೆಯ ಫೋಟೋಗಳ ಬಗ್ಗೆ ನನ್ನ ತಕರಾರು ಇದೇ.

ಇದಕ್ಕೆ ನಮ್ಮಲ್ಲೇ ಇರುವ ಅತಿ ದೊಡ್ಡ ಸಾಕ್ಷಿ ಕೊಡಗಿನದು. ಪಂದಿ ಕರಿಯನ್ನು ಯಾರೂ ಹಣ್ಣಿನ ಅಡುಗೆ ಎಂದು ಕರೆಯುವುದಿಲ್ಲ, ಆದರೆ ಅದು ಅಪ್ಪಟ ಹಣ್ಣಿನ ಅಡುಗೆ. ಅದಕ್ಕೆ ಬಣ್ಣವನ್ನೂ ಕೊನೆಯ ಚುರುಕನ್ನೂ ಕೊಡುವ ಕಾಚಂಪುಳಿ, ಮಲೆನಾಡಿನವರು ಉಪ್ಪಾಗೆ ಎನ್ನುವ, ಕೇರಳದವರು ಒಣಗಿಸಿ ಹೊಗೆಗಿಟ್ಟು ಮೀನಿಗೆ ಹಾಕುವ ಅದೇ ಹಣ್ಣಿನ ರಸ. ಮಳೆಗಾಲದಲ್ಲಿ ಮಾಗಿ ಉದುರಿದ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ತಾನಾಗಿ ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸುತ್ತಾರೆ. ಬಾಟಲಿಗೆ ತುಂಬಿಟ್ಟರೆ ವರ್ಷಗಟ್ಟಲೆ ಕೆಡದು. ಕೊಡಗಿನಲ್ಲಿ ಮೈ ನಡುಗಿಸುವ ಕಾಲವೂ ಆ ಮಳೆಗಾಲವೇ. ನಾಟಿ ಮುಗಿಸಿ ಸೆಪ್ಟೆಂಬರ್ ಆರಂಭದಲ್ಲಿ ಆಚರಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಪಂದಿ ಕರಿ, ಅಕ್ಕಿತರಿಯ ಉಂಡೆ ಕಡಂಬುಟ್ಟು ಆಗಲೇಬೇಕು.

ಕೈಗೆ ಸಿಕ್ಕ ಹಣ್ಣನ್ನು ಹಾಕಿದರು, ಇದರಲ್ಲಿ ತತ್ವವೇನು ಬಂತು ಎಂದು ಕೇಳಬಹುದು. ಹಾಗಾದರೆ ಕಿತ್ತಳೆಯ ಕತೆ ಏನು? ಭೌಗೋಳಿಕ ಮಾನ್ಯತೆ ಪಡೆದ, ನಾಡಿಗೆಲ್ಲ ಹೆಸರಾದ ಕಿತ್ತಳೆ ಕೊಡಗಿನ ಕಾಫಿ ತೋಟದ ನೆರಳಲ್ಲೇ ಬೆಳೆಯಿತು. ಹಲಸು ಹಿತ್ತಲಲ್ಲಿತ್ತು, ಜೇನು ಕಾಡಲ್ಲಿತ್ತು. ಒಂದಾದರೂ ಪಂದಿ ಕರಿಯ ಪಾತ್ರೆಯೊಳಗೆ ಜಾಗ ಗಿಟ್ಟಿಸಲಿಲ್ಲ. ಬೇಟೆಯ ಕಾಡುಹಂದಿಯ ಕಾಲದಿಂದ, 1972ರ ವನ್ಯಜೀವಿ ಕಾಯಿದೆಯ ನಂತರದ ಸಾಕುಹಂದಿಯ ಕಾಲದವರೆಗೆ ಮಾಂಸ ಬದಲಾಯಿತು, ಕೊಬ್ಬು ಹೆಚ್ಚಿತು, ಹುಳಿ ಬದಲಾಗಲಿಲ್ಲ. ಸಿಹಿಯನ್ನು ಕಣ್ಣೆದುರೇ ಇಟ್ಟುಕೊಂಡು ಬೇಡವೆಂದದ್ದನ್ನು ಆಕಸ್ಮಿಕ ಎನ್ನಲು ನನಗೆ ಮನಸ್ಸಿಲ್ಲ.

ಇಂಗ್ಲೆಂಡಿನವರು ಹುರಿದ ಹಂದಿಗೆ ಸೇಬಿನ ಗೊಜ್ಜು ಬಡಿಸುತ್ತಾರಲ್ಲ, ಅದು ಸಿಹಿಯಲ್ಲವೇ ಎಂಬುದು ಎಲ್ಲರೂ ಎತ್ತುವ ಆಕ್ಷೇಪ. ಅವರು ಅದಕ್ಕೆ ಬಳಸುವುದು ನಮ್ಮ ತಳ್ಳುಗಾಡಿಯ ಶಿಮ್ಲಾ ಸೇಬನ್ನಲ್ಲ. ಬ್ರ್ಯಾಮ್ಲಿ ಎಂಬ ಅಡುಗೆಯ ಸೇಬನ್ನು. ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್‌ನಲ್ಲಿ ಮೇರಿ ಆ್ಯನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ 1809ರಲ್ಲಿ ಬಿತ್ತಿದ ಬೀಜದಿಂದ ಹುಟ್ಟಿದ ಆ ತಳಿ, ಹಸಿಯಾಗಿ ಕಚ್ಚಿದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಅಸ್ಸಾಮಿನವರು ಹಂದಿಗೆ ಔ ಟೆಂಗಾ ಹಾಕುತ್ತಾರೆ, ಅದೂ ಹುಳಿಕಾಯಿಯೇ. ಜರ್ಮನಿ, ಸ್ಕ್ಯಾಂಡಿನೇವಿಯಾಗಳ ಒಣ ಪ್ಲಮ್ ಮಾತ್ರ ನನ್ನ ವಾದಕ್ಕೆ ನಿಜವಾದ ತೊಡಕು, ಅದು ಸಿಹಿಯೇ. ಆದರೆ ಆ ತಟ್ಟೆಯ ಪಕ್ಕಕ್ಕೆ ಹುಳಿ ಹಿಡಿಸಿದ ಎಲೆಕೋಸು ಬಂದು ಕೂರುವುದನ್ನು ಮರೆಯಬಾರದು. ಸಿಹಿಹುಳಿ ಹೊಂದಿಸಿದ ಮಂಗಳೂರು ಕ್ರೈಸ್ತರ ಹಂದಿ ಅಡುಗೆ ಇಂಡಾಡ್‌ನಲ್ಲೂ ಸಕ್ಕರೆಗೆ ಕಡಿವಾಣ ಹಾಕುವುದು ವಿನೆಗರ್.

ಹುಳಿಯ ಪರ ವಾದಿಸುವಾಗ ಒಂದು ಸುಳ್ಳನ್ನು ದೂರವಿಡಬೇಕು. ಕಾಚಂಪುಳಿ ಕೊಬ್ಬನ್ನು ಕರಗಿಸುತ್ತದೆ, ಎಷ್ಟು ತಿಂದರೂ ಮೈಗೆ ಹತ್ತದು ಎಂಬ ಮಾತು ಚಾಲ್ತಿಯಲ್ಲಿದೆ. ಈ ಹಣ್ಣಿನ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ತೂಕ ಇಳಿಸುವ ಮಾತ್ರೆಯಾಗಿ ಮಾರಿದ್ದರ ಫಲ ಇದು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ, 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಹುಸಿ ಮಾತ್ರೆಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಹುಳಿ ಗೆಲ್ಲುವುದು ನಾಲಿಗೆಯ ಮೇಲೆ. ಸೊಂಟದ ಲೆಕ್ಕ ಬೇರೆ.

ಇನ್ನು ನಮ್ಮ ಬಡಾವಣೆಗೆ ಬರೋಣ. ಇಸಿಐಎಲ್, ಎನ್‌ಎಫ್‌ಸಿ ಕಾರ್ಖಾನೆಗಳ ನೆರಳಿನಲ್ಲಿ ದೇಶದ ಎಲ್ಲ ಕಡೆಯ ಜನ ಬಂದು ನೆಲೆಸಿದ ಊರಿದು, ಹಂದಿ ಮಾಂಸ ಕೇಳುವವರು ಇದ್ದೇ ಇದ್ದಾರೆ. ಲಾಡಿಹುಳದ ಭಯದಿಂದ ಮೂಗು ಮುರಿಯುವವರಿಗೆ ಉತ್ತರ ಸರಳ: ಶುಚಿಯಾಗಿ ಸಾಕಿದ್ದು, ತಪಾಸಣೆಯಾದದ್ದು ಕೊಳ್ಳಿ, ಒಳಗಿನವರೆಗೆ ಬೇಯಿಸಿ. ಗಂಟೆ ಹೊತ್ತು ಕುದಿಯುವ ಮಾಂಸದಲ್ಲಿ ಯಾವ ಹುಳವೂ ಉಳಿಯದು. ಕಾಚಂಪುಳಿ ಏಕೆ, ಹುಣಸೆ ಸಾಲದೇ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ಹುಣಸೆ ಚಿಗುರಿನ ಮಾಂಸ, ಗೋಂಗೂರ ಮಾಂಸ ಮಾಡಿ ಗೆದ್ದ ತೆಲಂಗಾಣಕ್ಕೆ ಹುಳಿಯ ಪಾಠ ಹೇಳುವ ಧೈರ್ಯ ನನಗಿಲ್ಲ. ಸಾರು ಇರುವ ಅಡುಗೆಗಾದರೆ ಹುಣಸೆ ಸರಿಯೇ. ಒಣಗೆ ಹುರಿಯುವಾಗ ಅದರ ತಿರುಳು ತಳ ಹಿಡಿಯುತ್ತದೆ, ಸೀದು ಕಹಿಯಾಗುತ್ತದೆ. ಕಾಚಂಪುಳಿಯಲ್ಲಿ ತಿರುಳಿಲ್ಲ, ಬರೀ ರಸ. ಸಿಗದಿದ್ದರೆ ಒಣ ಮುರುಗಲನ್ನು ನೆನೆಸಿ, ಹಿಂಡಿ, ಆ ನೀರನ್ನು ಅರ್ಧಕ್ಕೆ ಇಂಗಿಸಿ. ಎರಡೂ ಒಂದೇ ಕುಲದ ಹಣ್ಣುಗಳು. ಹೈದರಾಬಾದಿಗಳ ಪ್ರೀತಿಯ ಪಪ್ಪಾಯ ಕಾಯಿ ಬೇಡ: ಅದು ಮಾಂಸದ ಹೊರಮೈಯನ್ನು ಮೆತ್ತಗೆ ಮಾಡುತ್ತದೆ, ಚರ್ಮದಡಿಯ ಗಟ್ಟಿ ನಾರು ಕರಗಲು ಬೇಕಾದದ್ದು ಹೊತ್ತು.

ಓವನ್ ಇಲ್ಲವೆಂಬ ಕೊರಗೂ ಬೇಡ. ಪಂದಿ ಬರ್ತದ್ ಎಂಬ ಒಣ ಹುರಿತಕ್ಕೆ ದಪ್ಪ ತಳದ ಪಾತ್ರೆಯೊಂದಿದ್ದರೆ ಸಾಕು. ಚರ್ಮ, ಕೊಬ್ಬು, ಕೆಂಪು ಮಾಂಸ ಮೂರೂ ಇರುವ ಒಂದು ಕಿಲೋ ತುಂಡುಗಳನ್ನು ಉಪ್ಪು, ಅರಿಸಿನ, ಖಾರದಪುಡಿಯೊಂದಿಗೆ ಎಣ್ಣೆಯಿಲ್ಲದೆ ಮುಚ್ಚಿಟ್ಟರೆ ತನ್ನ ನೀರಲ್ಲೇ ಬೆಂದು, ಆಮೇಲೆ ತನ್ನ ಕೊಬ್ಬಲ್ಲೇ ಹುರಿಯತೊಡಗುತ್ತದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ನಾಲ್ಕೇ ಕಾಳು ಮೆಂತ್ಯ: ಇವನ್ನು ಕಪ್ಪಿಗೆ ತಿರುಗುವ ತನಕ ಹುರಿದು ಪುಡಿ ಮಾಡಿ ಹಾಕಿ. ಕಾಚಂಪುಳಿ ಕಟ್ಟಕಡೆಗೆ, ಎರಡು ಚಮಚ. ಮೊದಲೇ ಸುರಿದರೆ ಮಾಂಸ ಬಿಗಿಯುತ್ತದೆ, ಹುಳಿಯ ಪರಿಮಳವೂ ಹಾರಿಹೋಗುತ್ತದೆ. ಕಡಂಬುಟ್ಟಿಗೆ ಬೇಕಾದ ಅಕ್ಕಿತರಿ ಇಲ್ಲಿನ ಕಿರಾಣಿಯಲ್ಲಿ ನೂಕಲು ಎಂದು ಕೇಳಿದರೆ ಸಿಗುತ್ತದೆ, ಆಗದಿದ್ದರೆ ಬಿಸಿ ಜೋಳದ ರೊಟ್ಟಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಬಿಸಿ ಮಾಡುವಾಗ ಮತ್ತೆ ಹುಳಿ ಹಾಕಬೇಡಿ. ಅಷ್ಟರಲ್ಲಿ ಅದು ಚರ್ಮದೊಳಕ್ಕೆಲ್ಲ ಇಳಿದಿರುತ್ತದೆ. ಕಾಳುಮೆಣಸು ನಾಲ್ಕು ಜಜ್ಜಿ ಹಾಕಿದರೆ ಸಾಕು.